ದೊಡ್ಡಮ್ಮ ಜಾಡಿ ಖಾಲಿ ಮಾಡಿದ ದಿನ

ಓದುವವರು ಮೊದಲು ನನ್ನನ್ನು ಕ್ಷಮಿಸಬೇಕು. ನನ್ನ ಅಕ್ಷರ ಚೆನ್ನಾಗಿಲ್ಲ. ಒತ್ತಕ್ಷರಗಳು ಸಾಲು ಬಿಟ್ಟು ಕೆಳಗೆ ಜಾರುತ್ತವೆ. ಹೊಡೆದುಹಾಕಿ ಮತ್ತೆ ಬರೆದ ಕಡೆಯೆಲ್ಲ ಕಾಗದ ಕೊಳೆಯಾಗಿದೆ. ಮಾತುಗಳೂ ಅಷ್ಟೆ, ನನಗೆ ದೊಡ್ಡ ಮಾತುಗಳು ಬರುವುದಿಲ್ಲ. ಶಾಲೆಯನ್ನು ನಡುವೆಯೇ ಬಿಟ್ಟವಳು ನಾನು. ಚರ್ಚಿನ ಭಾನುವಾರದ ಶಾಲೆಯ ಟೀಚರ್ ಬಂದು, ಸಭೆಯ ಪತ್ರಿಕೆಗೆ ಸಭೆಯವರಲ್ಲೇ ಒಬ್ಬರ ಬಗ್ಗೆ ಬರೆದುಕೊಡು ಎಂದಾಗ ನಾನು ಆಗುವುದಿಲ್ಲ ಎಂದು ತಲೆ ಅಲ್ಲಾಡಿಸಿದೆ. "ಮಾತಾಡೋಕೆ ನಾಚಿಕೆ ಅಂತೀಯ, ಸರಿ. ಬರೆಯೋಕೇನು? ಕಾಗದ ನಿನ್ನ ಮುಖ ನೋಡಲ್ಲ," ಎಂದರು. ಅದು ನಿಜ ಅನ್ನಿಸಿತು. ಅದಕ್ಕೆ ದೊಡ್ಡಮ್ಮನ ಬಗ್ಗೆ ಬರೆಯುತ್ತಿದ್ದೇನೆ. ಅವರನ್ನು ಕೇಳಿಯೇ ಬರೆಯುತ್ತಿದ್ದೇನೆ. "ನಡೆದದ್ದನ್ನ ನಡೆದ ಹಾಗೆ ಬರಿ. ನನ್ನ ತಲೆ ಸುತ್ತ ಬೆಳಕಿನ ಬಳೆ ಮಾತ್ರ ಹಾಕಬೇಡ," ಎಂದಿದ್ದಾರೆ.

ದೊಡ್ಡಮ್ಮ ಎಂದರೆ ನನ್ನ ಅಮ್ಮನ ಅಕ್ಕ. ಸೇತುವೆ ಇಳಿದ ಕೂಡಲೇ ಸಿಗುವ ಬೇಕರಿ ಅವರದ್ದು. ನಾನಿರುವುದೂ ಅಲ್ಲೇ, ಅವರ ಜೊತೆ. ಬೋರ್ಡಿನ ಬಣ್ಣ ಹೋಗಿ ಅಕ್ಷರ ಕಾಣುವುದಿಲ್ಲ, ಆದರೆ ವಾಸನೆ ಹಿಡಿದು ಯಾರು ಬೇಕಾದರೂ ಬರಬಹುದು. ಮುಂದಿನ ಕೋಣೆ ಅಂಗಡಿ. ನಡುವಿನ ಕೋಣೆಯಲ್ಲಿ ಹಿಟ್ಟು ನಾದುವ ಉದ್ದನೆಯ ಮರದ ತೊಟ್ಟಿ ಮತ್ತು ಮೇಜು. ದೊಡ್ಡಮ್ಮ ನಿಂತು ನಾದುವ ಜಾಗದಲ್ಲಿ ಆ ಮೇಜು ಸವೆದು ತಟ್ಟೆಯ ಹಾಗೆ ತಗ್ಗಾಗಿದೆ. ಹಿಂದಿನ ಕೋಣೆಯಲ್ಲಿ ಭಟ್ಟಿ. ಭಟ್ಟಿಯ ಕೆಲಸ ದೊಡ್ಡಪ್ಪನದ್ದು. ಸೌದೆ ಇಟ್ಟು, ಬೂದಿ ಎಳೆದು, ಉದ್ದ ಹಿಡಿಯ ಹಲಗೆಯ ಮೇಲೆ ಬ್ರೆಡ್ಡನ್ನು ಒಳಗೆ ತಳ್ಳಿ ಹೊರಗೆ ಎಳೆಯುತ್ತಾರೆ. ಬಾಯಿ ಮಾತ್ರ ಒಂದು ನಿಮಿಷ ಸುಮ್ಮನಿರುವುದಿಲ್ಲ. ನನಗೆ ಅವರು ಇಟ್ಟ ಹೆಸರು ಮೆಲ್ಲಮ್ಮ. ನಾನು ಎಲ್ಲವನ್ನೂ ಮೆಲ್ಲಗೆ ಮಾಡುತ್ತೇನೆ ಎಂದು.

ನಮ್ಮ ಬ್ರೆಡ್ಡಿನ ಗುಟ್ಟು ಗೋಡೆಯ ಶೆಲ್ಫಿನ ಮೇಲಿರುವ ಒಂದು ಪಿಂಗಾಣಿ ಜಾಡಿ. ಗುಟ್ಟು ಎಂದೆ, ಆದರೆ ಅದು ಬೀದಿಗೆಲ್ಲ ಗೊತ್ತು. ದಿನವೂ ಬೆಳಗಿನ ಹಿಟ್ಟಿಗೆ ಉಪ್ಪು ಹಾಕುವ ಮೊದಲು ಒಂದು ಹಿಡಿ ಹಿಟ್ಟನ್ನು ತೆಗೆದು ಜಾಡಿಗೆ ಹಾಕಿ, ಒದ್ದೆ ಬಟ್ಟೆ ಮುಚ್ಚಿ ಇಡುತ್ತಾರೆ. ಅದು ಹುಳಿಹಿಟ್ಟು. ಸಂಜೆ ಆ ಹಿಡಿಯನ್ನು ನೀರಿನಲ್ಲಿ ಕದಡಿ ತೊಟ್ಟಿಯ ಹೊಸ ಹಿಟ್ಟಿಗೆ ಸೇರಿಸಿದರೆ, ಬೆಳಗಾಗುವಷ್ಟರಲ್ಲಿ ತೊಟ್ಟಿ ತುಂಬ ಉಬ್ಬಿರುತ್ತದೆ. ಮತ್ತೆ ಅದರಿಂದ ಒಂದು ಹಿಡಿ ಜಾಡಿಗೆ. ಹೀಗೆ ಇವತ್ತಿನ ಬ್ರೆಡ್ಡಿನಲ್ಲಿ ನಿನ್ನೆಯ ಹಿಟ್ಟು, ನಿನ್ನೆಯದರಲ್ಲಿ ಮೊನ್ನೆಯ ಹಿಟ್ಟು. ದೊಡ್ಡಮ್ಮ ಮದುವೆಯಾಗಿ ಬಂದಾಗ ಅತ್ತೆ ಒಡವೆ ಕೊಡಲಿಲ್ಲವಂತೆ, ಈ ಜಾಡಿ ಕೊಟ್ಟರಂತೆ. ನಮ್ಮ ಮನೆಯಲ್ಲಿ ಅದಕ್ಕೆ 'ಹಳೇದು' ಎಂದು ಹೆಸರು. ಮನೆಯಲ್ಲಿ ಜಗಳವಾಗಿರಲಿ, ಜ್ವರ ಬಂದಿರಲಿ, ದೊಡ್ಡಪ್ಪನ ಬಾಯಲ್ಲಿ ಬೆಳಗಿನ ಮೊದಲ ಮಾತು ಒಂದೇ: "ಹಳೇದು ತೆಗೆದಿಟ್ಟೆಯಾ?"

ನಾನು ಹುಟ್ಟುವ ಮೊದಲು ಅವರಿಗೆ ಒಬ್ಬಳು ಮಗಳಿದ್ದಳು. ಗುಬ್ಬಿ ಎಂದು ಕರೆಯುತ್ತಿದ್ದರು. ಇನ್ನೂ ಶಾಲೆಗೆ ಸೇರಿರಲಿಲ್ಲ, ಜ್ವರದಲ್ಲಿ ಹೋದಳು. ಮೇಜಿನ ಮೇಲೆ ಉಳಿದ ಚೂರುಪಾರು ಹಿಟ್ಟನ್ನು ಒಟ್ಟುಮಾಡಿ ದೊಡ್ಡಮ್ಮ ಅವಳಿಗಾಗಿ ಹಕ್ಕಿಯ ಆಕಾರದ ಒಂದು ಪುಟ್ಟ ಬ್ರೆಡ್ಡು ಮಾಡುತ್ತಿದ್ದರಂತೆ. ಮೆಣಸಿನ ಕಾಳಿನ ಕಣ್ಣು. ಗುಬ್ಬಿ ಮೊದಲು ಕಣ್ಣು ಕಿತ್ತು ಅಪ್ಪನ ಜೇಬಿಗೆ ಹಾಕಿ, ಆಮೇಲೆ ಬಾಲದಿಂದ ತಿನ್ನಲು ಶುರು ಮಾಡುತ್ತಿದ್ದಳಂತೆ. ಅವಳು ಹೋದ ಮೇಲೆ ಆ ಬ್ರೆಡ್ಡನ್ನು ದೊಡ್ಡಮ್ಮ ಮಾಡಲಿಲ್ಲ. ಅವಳ ಬಗ್ಗೆ ಅತ್ತಿದ್ದನ್ನೂ ನಾನು ನೋಡಿಲ್ಲ. ಆದರೆ ಚರ್ಚಿನಲ್ಲಿ ಸತ್ತವರು ಏಳುವರು ಎಂಬ ಮಾತು ಬಂದಾಗ ಅವರ ಕೈ ತಾನಾಗಿ ಸೆರಗಿನ ತುದಿ ಹಿಡಿದುಕೊಳ್ಳುತ್ತಿತ್ತು. ಅವರ ನಂಬಿಕೆಯೆಲ್ಲ ಆ ಒಂದು ಮಾತಿನಲ್ಲಿತ್ತು. ಕರ್ತನು ಬರುತ್ತಾನೆ, ಆ ದಿನ ಗುಬ್ಬಿ ಏಳುತ್ತಾಳೆ.

ಹೋದ ವರ್ಷ ನಮ್ಮ ಸಭೆಯ ಪಾಲಕರು ಕಣ್ಣಿನ ಆಪರೇಷನ್‌ಗೆಂದು ಹೋಗಿ ಬಹಳ ದಿನ ಬರಲಿಲ್ಲ. ಆಗ ಹೊರಗಿನಿಂದ ಒಬ್ಬ ಬೋಧಕರು ಬಂದರು. ಸಣಕಲು ಮನುಷ್ಯ, ಕೆಮ್ಮು, ಅಂಗಿಯ ಕಾಲರ್ ಸವೆದಿತ್ತು. ಆದರೆ ಒಂದು ದೊಡ್ಡ ಬಟ್ಟೆಯನ್ನು ಸುರುಳಿ ಸುತ್ತಿ ತಂದಿದ್ದರು. ಅದನ್ನು ಗೋಡೆಗೆ ತೂಗುಹಾಕಿದಾಗ ನಾವೆಲ್ಲ ಬಾಯಿ ಬಿಟ್ಟು ನೋಡಿದೆವು. ಅದರಲ್ಲಿ ಚಿನ್ನದ ತಲೆಯ ವಿಗ್ರಹ, ಕೊಂಬಿನ ಮೃಗಗಳು, ತುತ್ತೂರಿ ಹಿಡಿದ ದೂತರು, ಒಂದು ರಾಜ್ಯದಿಂದ ಇನ್ನೊಂದು ರಾಜ್ಯಕ್ಕೆ ಹತ್ತುವ ಮೆಟ್ಟಿಲು. ಅವರು ಕೋಲಿನಿಂದ ಒಂದೊಂದೇ ಮೆಟ್ಟಿಲು ತೋರಿಸುತ್ತಾ ವರ್ಷಗಳನ್ನು ಕೂಡಿದರು, ಕಳೆದರು. ಕೊನೆಗೆ ಕೋಲು ಒಂದು ಖಾಲಿ ಜಾಗಕ್ಕೆ ಬಂದು ನಿಂತಿತು. ಬರುವ ತಿಂಗಳ ಕೊನೆಯ ಗುರುವಾರ, ಸೂರ್ಯ ಮುಳುಗುವ ಮೊದಲು ಕರ್ತನು ಬರುತ್ತಾನೆ, ಎಂದರು.

ಕೆಲವರು ನಕ್ಕರು, ಕೆಲವರು ಹೆದರಿದರು. ದೊಡ್ಡಮ್ಮ ಎರಡೂ ಮಾಡಲಿಲ್ಲ. ಎಲ್ಲರೂ ಹೋಗುವವರೆಗೆ ಕಾದು, ಅವರ ಹತ್ತಿರ ಹೋಗಿ ಕೇಳಿದರು.

"ಅಯ್ಯಾ, ಸಣ್ಣ ಮಕ್ಕಳು ಎದ್ದು ಬರುವಾಗ ಸಣ್ಣವರಾಗೇ ಬರ್ತಾರಾ?"

ಬೋಧಕರು ತಮ್ಮ ಬಟ್ಟೆಯ ಕಡೆ ತಿರುಗಿ ನೋಡಿದರು. ಅದರಲ್ಲಿ ಮಕ್ಕಳ ಚಿತ್ರವೇ ಇರಲಿಲ್ಲ.

"ಅದು ನನಗೆ ಗೊತ್ತಿಲ್ಲಮ್ಮ," ಎಂದರು. "ಆದ್ರೆ ತಾಯಿಗೆ ಗುರುತು ಸಿಗದ ಹಾಗೆ ಆತನು ಯಾರನ್ನೂ ಎಬ್ಬಿಸಲ್ಲ."

ಮನೆಗೆ ಬರುವ ದಾರಿಯಲ್ಲಿ ದೊಡ್ಡಮ್ಮ ನನ್ನ ಕೈ ಹಿಡಿದು ನಡೆದರು. ಅವರು ಯಾರ ಕೈಯನ್ನೂ ಹಿಡಿಯುವವರಲ್ಲ.

ಮುಂದಿನ ವಾರಗಳಲ್ಲಿ ಬೋಧಕರು ಮನ್ನದ ವಿಷಯ ಹೇಳಿದರು. ಅರಣ್ಯದಲ್ಲಿ ಜನರಿಗೆ ದೇವರು ಆಕಾಶದಿಂದ ದಿನದಿನದ ರೊಟ್ಟಿ ಕೊಟ್ಟದ್ದು, ನಾಳೆಗೂ ಇರಲಿ ಎಂದು ಎತ್ತಿಟ್ಟುಕೊಂಡವರ ಪಾತ್ರೆಯಲ್ಲಿ ಹುಳ ಬಿದ್ದದ್ದು. ನಾಳೆಗೆಂದು ಕೂಡಿಡುವ ಕೈ ನಂಬದ ಕೈ ಎಂದರು. ಅವರಿಗೆ ನಮ್ಮ ಜಾಡಿಯ ಸಂಗತಿ ಗೊತ್ತೇ ಇರಲಿಲ್ಲ. ಆದರೆ ಆ ಮಾತು ಬಂದಾಗ ದೊಡ್ಡಮ್ಮ ತಲೆ ತಗ್ಗಿಸಿದ್ದನ್ನು ಪಕ್ಕದಲ್ಲಿದ್ದ ನಾನು ನೋಡಿದೆ.

ಎದುರಿನ ಕ್ಷೌರದ ಅಂಗಡಿಯವನಿಗಂತೂ ಈ ಸುದ್ದಿ ಹಬ್ಬವಾಯಿತು. ದಿನವೂ ಬ್ರೆಡ್ಡು ಕೊಳ್ಳಲು ಬಂದಾಗ ಒಂದು ಮಾತು.

"ಏನಮ್ಮ, ಮೇಲೆ ಹೋಗೋರು ಒಬ್ಬರೂ ಕಟಿಂಗ್‌ಗೆ ಬರ್ತಿಲ್ಲ. ಅಲ್ಲಿ ಹೀಗೇ ಜಡೆ ಬಿಟ್ಕೊಂಡು ಹೋದ್ರೆ ಬಿಡ್ತಾರಾ?"

"ಅಲ್ಲಿ ನಿನ್ನ ಕತ್ತರಿಗಿಂತ ಒಳ್ಳೆ ಕತ್ತರಿ ಇರುತ್ತೆ ಬಿಡು," ಎಂದು ಒಳಗಿನಿಂದ ದೊಡ್ಡಪ್ಪ.

ದೊಡ್ಡಪ್ಪ ನಂಬಿದ್ದರೋ ಇಲ್ಲವೋ ನನಗೆ ತಿಳಿಯದು. "ಬಂದ್ರೆ ಸಂತೋಷ. ಬರೋವರೆಗೂ ಸೌದೆ ಒಡೀಬೇಕು," ಎನ್ನುತ್ತಿದ್ದರು. ದೊಡ್ಡಮ್ಮ ಮಾತ್ರ ಗುಬ್ಬಿಯ ಹಳದಿ ಫ್ರಾಕನ್ನು ಪೆಟ್ಟಿಗೆಯಿಂದ ತೆಗೆದು ಒಗೆದರು. ಅದನ್ನು ಅಂಗಳದ ಹಗ್ಗದ ಮೇಲೆ ಹರವಿದಾಗ ದೊಡ್ಡಪ್ಪ ಆ ಕಡೆ ಹೋಗಲಿಲ್ಲ. ಭಟ್ಟಿಯ ಮುಂದೆ ಕೂತು, ಇಲ್ಲದ ಬೂದಿಯನ್ನು ಎಳೆಯುತ್ತಿದ್ದರು.

ಆ ಗುರುವಾರ ಬೆಳಿಗ್ಗೆ ಎಂದಿನಂತೆ ಬ್ರೆಡ್ಡು ಬೆಂದಿತು, ಎಂದಿನಂತೆ ಮಾರಾಟವಾಯಿತು. ಅಭ್ಯಾಸದಂತೆ ಹಳೇದೂ ಜಾಡಿಗೆ ಹೋಯಿತು. ಮಧ್ಯಾಹ್ನ ಅಂಗಡಿಯ ಬಾಗಿಲು ಮುಚ್ಚಿದ ಮೇಲೆ ದೊಡ್ಡಮ್ಮ ಕೈ ತೊಳೆದು, ಜಾಡಿಯನ್ನು ಶೆಲ್ಫಿನಿಂದ ಇಳಿಸಿ, ಒದ್ದೆ ಬಟ್ಟೆ ತೆಗೆದು, ಒಳಗಿದ್ದ ಹಿಟ್ಟನ್ನೆಲ್ಲ ಮೇಜಿನ ಮೇಲೆ ಸುರಿದರು. ಬೆರಳಿನಿಂದ ಜಾಡಿಯ ಒಳಬದಿಗೆ ಅಂಟಿದ್ದನ್ನೂ ಬಳಿದರು. ಉಪ್ಪು ಸೇರಿಸಿದರು.

ದೊಡ್ಡಪ್ಪ ಬಾಗಿಲಲ್ಲಿ ನಿಂತರು. "ಅದನ್ಯಾಕೆ ತೆಗೆದೆ?"

"ಗುಬ್ಬಿಗೆ. ಎದ್ದು ಬಂದಾಗ ಹಸಿದಿರ್ತಾಳೆ."

"ಬೆಳಗಿನ ಬ್ರೆಡ್ಡು ಒಂದು ಇಟ್ಕೊಳ್ಳೋದಲ್ವಾ?"

"ಅವಳು ಹಕ್ಕಿ ಬಿಟ್ಟು ಬೇರೆ ತಿಂದಿದ್ದು ಯಾವಾಗ?"

"ಒಂದು ಚೂರಾದ್ರೂ ಉಳಿಸು. ಒಂದು ಬೆರಳಷ್ಟು."

"ನಾಳೆಗೆ ಅಂತ ಉಳಿಸಿದ್ರೆ ನಾನು ನಂಬಿಲ್ಲ ಅಂತಾಯ್ತು. ನಂಬದೇ ಇರೋಳಿಗೆ ಆತನು ಮಗಳನ್ನ ತೋರಿಸ್ತಾನಾ?"

ದೊಡ್ಡಪ್ಪ ಖಾಲಿ ಜಾಡಿಯನ್ನು ಎತ್ತಿ ಒಳಗೆ ನೋಡಿದರು. ಆಮೇಲೆ ಮೆಲ್ಲಗೆ, "ಅಮ್ಮ ಕೊಟ್ಟಿದ್ದು ಅದು," ಎಂದರು.

"ಅತ್ತೇನೂ ಎದ್ದು ಬರ್ತಾರಲ್ಲ. ಬೈದ್ರೆ ನಾನೇ ಬೈಸ್ಕೋತೀನಿ."

ದೊಡ್ಡಪ್ಪನಿಗೆ ನಗು ಬಂದುಬಿಟ್ಟಿತು. ತಡೆಯಲು ನೋಡಿದರು, ಆಗಲಿಲ್ಲ. ಲೋಕವೇ ಉರಿಯುವ ದಿನ ನನ್ನ ಸೌದೆ ಬೇರೆ ದಂಡ ಎಂದು ಗೊಣಗುತ್ತಾ ಹೋಗಿ ಆರುತ್ತಿದ್ದ ಭಟ್ಟಿಗೆ ಮತ್ತೆ ಬೆಂಕಿ ಹಾಕಿದರು. ಅಂಗೈಯಷ್ಟು ದೊಡ್ಡ ಹಕ್ಕಿ. ರೆಕ್ಕೆಗೆ ಕತ್ತರಿಯಿಂದ ಗೀರು, ಮೆಣಸಿನ ಕಾಳಿನ ಕಣ್ಣು. ಅಷ್ಟು ವರ್ಷ ಮಾಡದಿದ್ದರೂ ದೊಡ್ಡಮ್ಮನ ಕೈ ಒಂದು ಕಡೆಯೂ ತಡೆಯಲಿಲ್ಲ.

ಉಳಿದವರು ಬೋಧಕರ ಜೊತೆ ಚರ್ಚಿನ ಮೈದಾನದಲ್ಲಿ ಸೇರಿದ್ದರು. ದೊಡ್ಡಮ್ಮ ಅಲ್ಲಿಗೆ ಹೋಗಲಿಲ್ಲ. "ಅವಳು ಏಳೋದು ಇಲ್ಲಿ. ಎದ್ದ ಕೂಡ್ಲೆ ನಾನು ಕಾಣಬೇಕು," ಎಂದು ಸ್ಮಶಾನಕ್ಕೆ ನಡೆದರು. ಬ್ರೆಡ್ಡನ್ನು ಫ್ರಾಕಿನ ಜೊತೆ ಬಟ್ಟೆಯಲ್ಲಿ ಸುತ್ತಿಕೊಂಡಿದ್ದರು. ನಾನೂ ಜೊತೆಗೆ ಹೋದೆ. ದೊಡ್ಡಪ್ಪ ಸ್ವಲ್ಪ ದೂರ ಬಿಟ್ಟು ಹಿಂದೆ ಬಂದರು. ಅವರು ಒಳ್ಳೆಯ ಅಂಗಿ ಹಾಕಿಕೊಂಡಿದ್ದರು ಎಂಬುದನ್ನು ನಾನು ಆಮೇಲೆ ಗಮನಿಸಿದೆ.

ಗೇಟಿನ ಕಾವಲಿನ ತಾತ ನಮ್ಮನ್ನು ನೋಡಿ ಸ್ಟೂಲಿನಿಂದ ಎದ್ದರು. ಅವರಿಗೂ ಸುದ್ದಿ ಮುಟ್ಟಿತ್ತು. "ನನ್ನ ಹತ್ತಿರ ಇರೋದು ಒಂದೇ ಗೇಟು. ಎಲ್ಲರೂ ಒಟ್ಟಿಗೆ ಎದ್ದರೆ ನೂಕುನುಗ್ಗಲಾಗುತ್ತೆ," ಎಂದು ಎರಡೂ ಬಾಗಿಲನ್ನು ಪೂರ್ತಿ ತೆರೆದು ಕಲ್ಲು ಇಟ್ಟರು. ಅದು ತಮಾಷೆಯೋ ನಿಜವೋ ನನಗೆ ಗೊತ್ತಾಗಲಿಲ್ಲ.

ಚಿಕ್ಕ ಕಲ್ಲು ಅದು, ಹುಲ್ಲಿನ ನಡುವೆ. ದೊಡ್ಡಮ್ಮ ಹುಲ್ಲು ಕಿತ್ತರು. ಕೂತರು. ಬ್ರೆಡ್ಡಿನ ಬಿಸಿ ಆರದ ಹಾಗೆ ಬಟ್ಟೆಯನ್ನು ಮಡಿಲಲ್ಲಿ ಒತ್ತಿಕೊಂಡರು. ಮೈದಾನದ ಕಡೆಯಿಂದ ಹಾಡು ಕೇಳುತ್ತಿತ್ತು. ಬಿಸಿಲು ಕಲ್ಲಿನ ಮೇಲಿಂದ ಗೋಡೆಗೆ ಹೋಯಿತು, ಗೋಡೆಯಿಂದ ಮರದ ತುದಿಗೆ ಹೋಯಿತು. ಹಾಡು ಒಮ್ಮೆ ಬಹಳ ಜೋರಾಗಿ, ಆಮೇಲೆ ಚೂರುಚೂರಾಗಿ, ನಿಂತಿತು. ಸೈಕಲ್ಲಿನ ಗಂಟೆ, ಯಾರೋ ಮಕ್ಕಳನ್ನು ಒಳಗೆ ಕರೆಯುವ ಸದ್ದು. ಲೋಕ ಎಂದಿನಂತೆ ಊಟಕ್ಕೆ ಸಿದ್ಧವಾಗುತ್ತಿತ್ತು.

ಕತ್ತಲಾಗುವ ಮೊದಲು ತಾತ ಬಂದರು. ಬೀಗ ಕೈಯಲ್ಲಿತ್ತು. ನಮ್ಮಿಂದ ಸ್ವಲ್ಪ ದೂರದಲ್ಲೇ ನಿಂತರು. ಹೊತ್ತಾಯಿತು ಎನ್ನಲಿಲ್ಲ. "ಗೇಟ್ ಹಾಕ್ಲಾ ಅಮ್ಮ?" ಎಂದು ಮಾತ್ರ ಕೇಳಿದರು.

ದೊಡ್ಡಮ್ಮ ಮಡಿಲಿನ ಬಟ್ಟೆಯನ್ನು ಮುಟ್ಟಿ ನೋಡಿದರು. ಅದು ತಣ್ಣಗಾಗಿತ್ತು.

"ಹಾಕಿ," ಎಂದರು.

ಮಾರನೆಯ ಬೆಳಿಗ್ಗೆ ನಾನು ಎದ್ದಾಗ ಬೇಕರಿಯಲ್ಲಿ ಸದ್ದೇ ಇರಲಿಲ್ಲ. ದೊಡ್ಡಪ್ಪ ಖಾಲಿ ತೊಟ್ಟಿಯ ಮುಂದೆ ನಿಂತಿದ್ದರು. ದೊಡ್ಡಮ್ಮ ಗೋಡೆಗೆ ಮುಖ ಮಾಡಿ ಮಲಗಿದ್ದರು. ಏಳಲಿಲ್ಲ. ಪ್ರಾರ್ಥನೆಗೂ ಏಳಲಿಲ್ಲ. ಅದು ನನಗೆ ಖಾಲಿ ತೊಟ್ಟಿಗಿಂತ ಹೆಚ್ಚು ಭಯ ತಂದಿತು. ಮಗಳು ಹೋದಾಗಲೂ ಪ್ರಾರ್ಥನೆ ಬಿಡದಿದ್ದವರು ಅವರು. ಅವತ್ತು ಅವರು ಕಳೆದುಕೊಂಡದ್ದು ಮಗಳನ್ನು. ಈಗ ಮಗಳು ಬರುತ್ತಾಳೆ ಎನ್ನುವುದನ್ನೇ ಕಳೆದುಕೊಂಡಿದ್ದರು.

ದೊಡ್ಡಪ್ಪ ಅಂಗಡಿಯಿಂದ ಪ್ಯಾಕೆಟ್ ಯೀಸ್ಟ್ ತಂದು ತಾವೇ ನಾದಿದರು. ಬ್ರೆಡ್ಡು ಬೇಗ ಉಬ್ಬಿತು, ಬೆಳ್ಳಗೂ ಆಯಿತು. ಕ್ಷೌರದವನು ಒಂದು ತುಂಡು ಬಾಯಿಗೆ ಹಾಕಿಕೊಂಡು, "ಹತ್ತಿ ಅಗಿದ ಹಾಗಿದೆಯಲ್ರೀ," ಎಂದ. ಅಷ್ಟಕ್ಕೆ ಬಿಡಲಿಲ್ಲ. "ಏನಾಯ್ತು ನಿಮ್ಮ ದೇವರಿಗೆ? ಬಸ್ ತಪ್ಪಿತಾ?"

"ನಿನ್ನ ಅಂಗಡೀಲಿ ಕೂತೋರಿಗೆ ನೀನು ಬೆಳಿಗ್ಗೆಯಿಂದ 'ಇನ್ನೈದೇ ನಿಮಿಷ' ಅಂತಾನೇ ಹೇಳ್ತೀಯಲ್ಲ," ಎಂದರು ದೊಡ್ಡಪ್ಪ. "ಅವರು ಕಾಯಲ್ವಾ?"

ಕ್ಷೌರದವನು ನಕ್ಕ. ಆಮೇಲೆ ಒಳಗಿನ ಕೋಣೆಯ ಕಡೆ ನೋಡಿ, ದನಿ ತಗ್ಗಿಸಿ, "ಅಮ್ಮ ಹೇಗಿದ್ದಾರೆ?" ಎಂದು ಕೇಳಿದ. ಅವತ್ತಿನಿಂದ ಆ ತಮಾಷೆ ಮಾಡಲಿಲ್ಲ.

ದೊಡ್ಡಮ್ಮನ ಕಣ್ಣು ಮಂಜು. ದಿನವೂ ಅವರಿಗೆ ವೇದಪುಸ್ತಕ ಓದಿ ಹೇಳುವುದು ನನ್ನ ಕೆಲಸ. ಶಾಲೆಯಲ್ಲಿ ನಾನು ನಿಂತು ಓದಿದರೆ ಹುಡುಗಿಯರು ಬಾಯಿ ಮುಚ್ಚಿಕೊಂಡು ನಗುತ್ತಿದ್ದರು, ಅಷ್ಟು ನಿಧಾನ ನಾನು. ದೊಡ್ಡಮ್ಮ ನಗುವುದಿಲ್ಲ. ಆದರೆ ಈಗ ನಾನು ಪುಸ್ತಕ ತಂದರೆ "ಬೇಡ" ಎನ್ನುತ್ತಿದ್ದರು. ನಾನು ಅದನ್ನು ಮಡಿಲಲ್ಲಿಟ್ಟುಕೊಂಡು ಸುಮ್ಮನೆ ಕೂತು ಎದ್ದು ಹೋಗುತ್ತಿದ್ದೆ. ಹೀಗೆ ಕೆಲವು ದಿನ. ಒಂದು ಮಧ್ಯಾಹ್ನ ಅವರು ಗೋಡೆಯ ಕಡೆಯಿಂದಲೇ, "ಆ ದಿನದ ವಿಷಯ ಆತನೇ ಏನು ಹೇಳಿದಾನೆ? ಬೋಧಕರು ಹೇಳಿದ್ದಲ್ಲ. ಆತನೇ ಹೇಳಿದ್ದು. ಅದನ್ನ ಓದು," ಎಂದರು.

ಹುಡುಕಲು ನನಗೆ ಬಹಳ ಹೊತ್ತು ಹಿಡಿಯಿತು. ಆ ದಿನ ಯಾರಿಗೂ ಗೊತ್ತಿಲ್ಲ, ದೂತರಿಗೂ ಗೊತ್ತಿಲ್ಲ, ತಂದೆಗೆ ಮಾತ್ರ ಗೊತ್ತು ಎಂದು ಕರ್ತನು ಹೇಳಿದ ಭಾಗ ಸಿಕ್ಕಿತು. ಅಕ್ಷರ ಕೂಡಿಸಿ ಕೂಡಿಸಿ ಓದಿದೆ. ದೊಡ್ಡಮ್ಮ ಗೋಡೆಯ ಕಡೆಗೇ ಮುಖ ಮಾಡಿಕೊಂಡಿದ್ದರು. ಸ್ವಲ್ಪ ಕೆಳಗೆ, ಯಜಮಾನನು ಹೊರಗೆ ಹೋಗುವಾಗ ಮನೆಯವರಿಗೆ ಹೊತ್ತುಹೊತ್ತಿಗೆ ಊಟ ಕೊಡುವ ಕೆಲಸವನ್ನು ಒಬ್ಬ ಆಳಿಗೆ ಒಪ್ಪಿಸಿ ಹೋಗುತ್ತಾನೆ. ತಿರುಗಿ ಬಂದಾಗ ಆ ಕೆಲಸ ಮಾಡುತ್ತಾ ಇರುವ ಆಳೇ ಧನ್ಯನು ಎಂದಿದೆ. ಅದನ್ನು ಓದಿದಾಗ ದೊಡ್ಡಮ್ಮ ಈ ಕಡೆ ಹೊರಳಿದರು.

"ಊಟ ಕೊಡ್ತಾ ಇರೋನು ಅಂತಾನೇ ಇದೆಯಾ?"

"ಹೌದು ದೊಡ್ಡಮ್ಮ."

"ಮೇಲೆ ನೋಡ್ತಾ ನಿಂತಿರೋನು ಅಂತ ಇಲ್ವಾ?"

"ಇಲ್ಲ."

"ಸರಿಯಾಗಿ ನೋಡು. ನೀನು ಆತುರ ಮಾಡಬೇಡ."

ನನಗೆ ಆತುರ ಮಾಡಬೇಡ ಎಂದು ಯಾರಾದರೂ ಹೇಳಿದ್ದು ಅದೇ ಮೊದಲು. ಮತ್ತೆ ಓದಿದೆ. ಹಾಗೆಯೇ ಇತ್ತು. ದೊಡ್ಡಮ್ಮ ಬಹಳ ಹೊತ್ತು ಸೂರು ನೋಡುತ್ತಾ ಮಲಗಿದ್ದರು. ಕೊನೆಗೆ, "ನಿಮ್ಮ ದೊಡ್ಡಪ್ಪ ಆ ಪ್ಯಾಕೆಟ್ ಹಿಟ್ಟಿಗೆ ಉಪ್ಪು ಎಷ್ಟು ಹಾಕ್ತಿದಾರೆ? ವಾಸನೆನೇ ಸರಿಯಿಲ್ಲ," ಎಂದು ಎದ್ದು ಕೂತು ಕೂದಲು ಕಟ್ಟಿಕೊಂಡರು.

ಎದ್ದರು ಎಂದ ಮಾತ್ರಕ್ಕೆ ಎಲ್ಲ ಸರಿಹೋಗಲಿಲ್ಲ. ಹುಳಿಹಿಟ್ಟು ಇಲ್ಲದ ಮನೆಯಲ್ಲಿ ಹುಳಿಹಿಟ್ಟು ಮಾಡುವುದು ಹೇಗೆ ಎಂದು ನಮ್ಮಲ್ಲಿ ಯಾರೂ ನೋಡಿರಲಿಲ್ಲ. ಗೋಧಿ ಹಿಟ್ಟನ್ನು ನೀರಿನಲ್ಲಿ ಕಲಸಿ ಇಟ್ಟರೆ ಗಾಳಿಯಿಂದಲೋ ಹಿಟ್ಟಿನೊಳಗಿಂದಲೋ ಜೀವ ಬರುತ್ತದೆ ಎಂದು ಅತ್ತೆ ಹೇಳಿದ್ದು ದೊಡ್ಡಮ್ಮನಿಗೆ ನೆನಪಿತ್ತು. ಜಾಡಿ ತೊಳೆದು ಕಲಸಿಟ್ಟರು. ದಿನವೂ ಅರ್ಧ ಚೆಲ್ಲಿ ಹೊಸ ಹಿಟ್ಟು, ಹೊಸ ನೀರು ಹಾಕಿದರು. ಮೊದಲು ನಾಲ್ಕು ಗುಳ್ಳೆ ಬಂದವು. ಆಮೇಲೆ ಅದೂ ಹೋಯಿತು. ವಾಸನೆ ಎದ್ದಿತು. "ಯಾರದ್ದಾದ್ರೂ ಕಾಲುಚೀಲ ಕಳೆದಿದ್ರೆ ಇದರಲ್ಲಿ ಹುಡುಕಿ," ಎಂದರು ದೊಡ್ಡಪ್ಪ. ಒಂದು ಬೆಳಿಗ್ಗೆ ಬಟ್ಟೆ ತೆಗೆದರೆ ಮೇಲೆಲ್ಲ ಗುಲಾಬಿ ಬಣ್ಣದ ಬೂಸಲು. ಎಲ್ಲ ಚೆಲ್ಲಬೇಕಾಯಿತು.

"ಇದೂ ಬರಲಿಲ್ಲ," ಎಂದರು ದೊಡ್ಡಮ್ಮ. ಸ್ಮಶಾನದಲ್ಲಿ ತಾತನಿಗೆ "ಹಾಕಿ" ಎಂದದ್ದೂ ಇದೇ ದನಿಯಲ್ಲಿ. ದೊಡ್ಡಪ್ಪ ಭಟ್ಟಿ ಬಿಟ್ಟು ಬಂದು ಅವರ ಪಕ್ಕ ನಿಂತರು. ತಮಾಷೆ ಮಾಡಲಿಲ್ಲ. ಅವರೇ ಜಾಡಿ ತೊಳೆದು, ಬಿಸಿನೀರು ಹಾಕಿ, ಬಿಸಿಲಿಗಿಟ್ಟರು.

ಅದೇ ದಿನ ಮಧ್ಯಾಹ್ನ ಬೋಧಕರು ಬಂದರು. ಗುರುವಾರದ ನಂತರ ಅವರನ್ನು ಯಾರೂ ನೋಡಿರಲಿಲ್ಲ. ಮೈದಾನದಲ್ಲಿ ಕೆಲವರು ಅವರಿಗೆ ಕೆಟ್ಟ ಮಾತು ಆಡಿದ್ದರಂತೆ. ಇನ್ನೂ ಸಣ್ಣಗಾಗಿದ್ದರು. ಬಟ್ಟೆಯ ಸುರುಳಿ ಕಂಕುಳಲ್ಲೇ ಇತ್ತು. ದೊಡ್ಡಪ್ಪ ಹಲಗೆಯ ಹಿಡಿಯನ್ನು ಗಟ್ಟಿಯಾಗಿ ಹಿಡಿದುಕೊಂಡರು, ಆದರೆ ದೊಡ್ಡಮ್ಮ ಸ್ಟೂಲು ಎಳೆದುಕೊಟ್ಟು, ಚಹಾ ಬ್ರೆಡ್ಡು ಇಟ್ಟರು. ಅವರು ತಿಂದ ರೀತಿ ನೋಡಿದರೆ ಹಿಂದಿನ ದಿನವೂ ಊಟ ಮಾಡಿದ ಹಾಗಿರಲಿಲ್ಲ.

"ಅಮ್ಮ, ಒಂದು ಕಡೆ ಲೆಕ್ಕ ತಪ್ಪಿತ್ತು," ಎಂದರು. "ಒಬ್ಬ ರಾಜನ ಆಳಿಕೆಯನ್ನ ಎರಡು ಸಾರಿ ಸೇರಿಸಿಬಿಟ್ಟಿದ್ದೆ. ಈಗ ಸರಿ ಮಾಡಿದ್ದೀನಿ. ಬರುವ ವರ್ಷ..."

"ಬೇಡ ಅಯ್ಯಾ," ಎಂದರು ದೊಡ್ಡಮ್ಮ. "ಹೇಳಬೇಡಿ."

ಅವರು ನಿಲ್ಲಿಸಿದರು.

"ನೀವು ಹೇಳಿದ್ರೆ ನಾನು ಮತ್ತೆ ನಂಬ್ತೀನಿ. ನನಗೆ ನನ್ನ ಬಗ್ಗೆ ಗೊತ್ತು." ದೊಡ್ಡಮ್ಮ ಖಾಲಿ ಶೆಲ್ಫು ತೋರಿಸಿದರು. ಹಳೇದರ ಸಂಗತಿ, ಗುಬ್ಬಿಯ ಸಂಗತಿ ಹೇಳಿದರು. ಬೋಧಕರ ಚಹಾ ಲೋಟ ಅರ್ಧಕ್ಕೇ ನಿಂತಿತು.

"ನಾನು ಮನ್ನದ ವಿಷಯ ಹೇಳಿದ್ದು... ನಿಮ್ಮ ಜಾಡಿ ವಿಷಯ ಅಲ್ಲಮ್ಮ."

"ನೀವು ಹೇಳಲಿಲ್ಲ. ನಾನೇ ಹಾಗೆ ತಿಳ್ಕೊಂಡೆ. ಮಗಳ ಆಸೆಗೆ ಹಾಗೆ ತಿಳ್ಕೊಂಡೆ." ಸ್ವಲ್ಪ ಬಿಟ್ಟು ಕೇಳಿದರು. "ಅಯ್ಯಾ, ನೀವು ಯಾರಿಗೋಸ್ಕರ ಲೆಕ್ಕ ಹಾಕ್ತೀರಿ?"

ಬೋಧಕರು ಲೋಟವನ್ನು ಮೇಜಿನ ಮೇಲಿಟ್ಟರು. "ನನ್ನ ಹೆಂಡತಿ," ಎಂದರು. "ತಾರೀಖು ಒಂದಿದ್ರೆ ಬೆಳಿಗ್ಗೆ ಏಳೋಕಾಗುತ್ತೆ. ಇಲ್ಲದಿದ್ರೆ ಕಾಯೋಕಾಗಲ್ಲಮ್ಮ."

ದೊಡ್ಡಪ್ಪ ಹಲಗೆಯನ್ನು ಗೋಡೆಗೆ ಒರಗಿಸಿದರು.

"ನನಗೂ ಕಾಯೋಕಾಗಲ್ಲ," ಎಂದರು ದೊಡ್ಡಮ್ಮ. "ಅದಕ್ಕೇ ಆತನು ಕೈಗೆ ಕೆಲಸ ಕೊಟ್ಟು ಹೋಗಿದ್ದು ಅಂತ ಕಾಣುತ್ತೆ." ಎದ್ದು, ಕಪಾಟಿನ ಮೇಲಿನ ಫ್ರಾಕಿನ ಮಡಿಕೆಯೊಳಗಿಂದ ಒಣಗಿ ಕಲ್ಲಾಗಿದ್ದ ಹಕ್ಕಿಯನ್ನು ತಂದು ಮೇಜಿನ ಮೇಲಿಟ್ಟರು. "ಇದನ್ನ ಪುಡಿ ಮಾಡಬೇಕು. ಹೊಸ ಹಿಟ್ಟಿಗೆ ಸೇರಿಸ್ತೀನಿ."

"ಬೆಂದ ಬ್ರೆಡ್ಡಿನಲ್ಲಿ ಜೀವ ಇರಲ್ಲ," ಎಂದರು ದೊಡ್ಡಪ್ಪ ಮೆಲ್ಲಗೆ. "ಭಟ್ಟಿ ಎಲ್ಲಾನೂ ಸಾಯಿಸುತ್ತೆ. ನಿನಗೆ ಗೊತ್ತಲ್ಲ."

"ಗೊತ್ತು. ಹೊಸದಾಗಿ ಬರೋ ಜೀವಕ್ಕೆ ತಿನ್ನೋಕಾದ್ರೂ ಆಗುತ್ತೆ. ಇಲ್ಲಿಟ್ಟು ನಾನು ದಿನಾ ನೋಡೋದಕ್ಕಿಂತ ಒಳ್ಳೇದಲ್ವಾ?"

ಮುರಿಯಲು ದೊಡ್ಡಮ್ಮನ ಕೈಗೆ ಆಗಲಿಲ್ಲ. ಬಲ ಸಾಲದೆಯೋ ಮನಸ್ಸು ಬಾರದೆಯೋ. ಬೋಧಕರು ಕೇಳದೆಯೇ ಕೈ ಚಾಚಿ ಅದನ್ನು ತೆಗೆದುಕೊಂಡು, ಎರಡು ಕಣ್ಣುಗಳನ್ನು ಕಿತ್ತು ಪಕ್ಕಕ್ಕಿಟ್ಟು, ಬಾಲದ ಕಡೆಯಿಂದ ಪುಡಿ ಮಾಡತೊಡಗಿದರು. ಯಾರೂ ಅವರಿಗೆ ಹಾಗೆ ಮಾಡಲು ಹೇಳಿರಲಿಲ್ಲ. ದೊಡ್ಡಪ್ಪ ಆ ಎರಡು ಮೆಣಸಿನ ಕಾಳುಗಳನ್ನು ಎತ್ತಿ ತಮ್ಮ ಜೇಬಿಗೆ ಹಾಕಿಕೊಂಡು ಹಿಂದಿನ ಕೋಣೆಗೆ ಹೋದರು. ಬಹಳ ಹೊತ್ತು ಈಚೆಗೆ ಬರಲಿಲ್ಲ.

ಆಮೇಲೆ ಮತ್ತೆ ಕಾಯುವುದೇ. ಹಿಟ್ಟು ಹಾಕುವುದು, ನೀರು ಹಾಕುವುದು, ಬಟ್ಟೆ ಒದ್ದೆ ಮಾಡುವುದು. ಯಾವತ್ತು ಬರುತ್ತದೆ ಎಂದು ಕ್ಷೌರದವನು ಕೇಳಿದಾಗಲೆಲ್ಲ ದೊಡ್ಡಮ್ಮ, "ಬರುತ್ತೆ," ಎಂದಷ್ಟೇ ಹೇಳುತ್ತಿದ್ದರು. ಅಷ್ಟರಲ್ಲಿ ಅವರು ಪ್ಯಾಕೆಟ್ ಯೀಸ್ಟಿನ ಬ್ರೆಡ್ಡನ್ನೇ ನಾದುತ್ತಿದ್ದರು. ಜನ ತಿನ್ನುವುದು ಬಿಡುವುದಿಲ್ಲವಲ್ಲ. ನಾನು ಮಾತ್ರ ದಿನಕ್ಕೆ ಎಷ್ಟೋ ಸಲ ಹೋಗಿ ಬಟ್ಟೆ ಎತ್ತಿ ನೋಡುತ್ತಿದ್ದೆ. "ನೀನು ಹೀಗೆ ಇಣುಕ್ತಾ ಇದ್ರೆ ಅದಕ್ಕೂ ನಾಚಿಕೆ ಆಗುತ್ತೆ ಮೆಲ್ಲಮ್ಮ, ನಿನ್ನ ಹಾಗೆ," ಎಂದರು ದೊಡ್ಡಪ್ಪ.

ಅದು ಬಂದದ್ದು ನಾವು ಯಾರೂ ಮನೆಯಲ್ಲಿಲ್ಲದ ಒಂದು ಭಾನುವಾರ. ನಮ್ಮ ಪಾಲಕರು ಕಪ್ಪು ಕನ್ನಡಕ ಹಾಕಿಕೊಂಡು ಹಿಂದಿರುಗಿದ್ದರು, ಆರಾಧನೆ ಉದ್ದವಾಗಿತ್ತು. ಮನೆಗೆ ಬಂದು ನೋಡಿದರೆ ಜಾಡಿಯ ಬಟ್ಟೆ ಓರೆಯಾಗಿದೆ, ಹಿಟ್ಟು ಅಂಚು ದಾಟಿ, ಶೆಲ್ಫಿನ ಮೇಲಿಂದ ಇಳಿದು ನೆಲಕ್ಕೆ ತೊಟ್ಟಿಕ್ಕುತ್ತಿದೆ. ದೊಡ್ಡಮ್ಮ ಚರ್ಚಿನ ಸೀರೆಯಲ್ಲೇ ಮೊಣಕಾಲೂರಿ, ಬೆರಳಿನಿಂದ ಅದನ್ನು ಬಳಿದು ಮೂಸಿದರು. ಹುಳಿ ವಾಸನೆ, ಹಣ್ಣಿನ ಹಾಗೆ. ಬೆರಳನ್ನು ದೊಡ್ಡಪ್ಪನ ಮೂಗಿನ ಹತ್ತಿರ ಹಿಡಿದರು, ಆಮೇಲೆ ನನ್ನ ಮೂಗಿನ ಹತ್ತಿರ. ಆಗ ಅವರು ಅಳುತ್ತಿದ್ದರು. ನಾನು ನೋಡಿದ್ದು ಅದೊಂದೇ ಸಲ.

ಮೊದಲ ಬ್ರೆಡ್ಡು ಚಪ್ಪಟೆ, ಹುಳಿಯೂ ಜಾಸ್ತಿ. ಕ್ಷೌರದವನು ಮುಖ ಕಿವುಚಿದ. "ನಿಮ್ಮ ಅತ್ತೆ ಹಿಟ್ಟಿನ ಮುಂದೆ ಇದು ಇನ್ನೂ ಕೂಸು," ಎಂದ. ಆದರೂ ಇನ್ನೊಂದು ಕಟ್ಟಿಕೊಡಿ ಎಂದ. "ಅತ್ತೆ ಎದ್ದು ಬಂದಾಗ ಬೈಗುಳ ತಪ್ಪಿದ್ದಲ್ಲ," ಎಂದರು ದೊಡ್ಡಮ್ಮ. ಎದ್ದು ಬಂದಾಗ ಎಂದರು. ನಾನು ಅದನ್ನು ಕೇಳಿಸಿಕೊಂಡೆ.

ಈಗ ಆ ಜಾಡಿಯಲ್ಲಿರುವ ಹೊಸದಕ್ಕೂ ನಾವು ಹಳೇದು ಎಂದೇ ಹೇಳುತ್ತೇವೆ. ದೊಡ್ಡಮ್ಮ ಶನಿವಾರ ಶನಿವಾರ ಮತ್ತೆ ಹಕ್ಕಿಯ ಬ್ರೆಡ್ಡು ಮಾಡುತ್ತಾರೆ. ಮೊದಲು ಜಾಡಿಗೆ ಒಂದು ಹಿಡಿ ತೆಗೆದಿಟ್ಟ ಮೇಲೆಯೇ. ಅಂಗಡಿಗೆ ಯಾವ ಮಗು ಮೊದಲು ಬರುತ್ತದೋ ಅದಕ್ಕೆ ಕೊಡುತ್ತಾರೆ. ಬೋಧಕರು ಆಗಾಗ ಕಾಗದ ಬರೆಯುತ್ತಾರೆ, ಆರೋಗ್ಯ ಕೇಳುತ್ತಾರೆ. ತಾರೀಖು ಬರೆಯುವುದಿಲ್ಲ. ಕಾಗದದ ಮೇಲಿನ ತಾರೀಖನ್ನೂ ಬರೆಯುವುದಿಲ್ಲ ಎಂದು ದೊಡ್ಡಪ್ಪ ನಗುತ್ತಾರೆ. ಸ್ಮಶಾನದ ತಾತ ಸಂಜೆ ಗೇಟು ಹಾಕುವ ಮೊದಲು ದೊಡ್ಡಮ್ಮ ಒಳಗಿದ್ದರೆ ಈಗಲೂ ಕೇಳಿಯೇ ಹಾಕುತ್ತಾರೆ. "ಇವತ್ತಿಗೆ ಹಾಕಿ," ಎನ್ನುತ್ತಾರೆ ದೊಡ್ಡಮ್ಮ.

ಅವರ ಪ್ರಾರ್ಥನೆಯೂ ಚಿಕ್ಕದಾಗಿದೆ. "ಸ್ವಾಮಿ, ಇವತ್ತು ಬಂದ್ರೆ ನಮ್ಮ ಪುಣ್ಯ. ಬರದಿದ್ರೆ ಹಿಟ್ಟು ಇದೆ." ಅದು ದೇವರ ಹತ್ತಿರ ಆಡುವ ಮಾತೇ ಎಂದು ಒಮ್ಮೆ ದೊಡ್ಡಪ್ಪ ಕೇಳಿದರು. "ಇನ್ನೇನು, ನಿಮ್ಮ ಹತ್ತಿರ ಆಡಲಾ?" ಎಂದರು ದೊಡ್ಡಮ್ಮ.

ಇಷ್ಟೇ ನನಗೆ ಬರೆಯಲು ಬಂದದ್ದು. ತಪ್ಪಿದ್ದರೆ ಟೀಚರ್ ತಿದ್ದಬೇಕು. ಈ ಹಾಳೆಗಳನ್ನು ಭಾನುವಾರ ಅವರಿಗೆ ಕೊಡುತ್ತೇನೆ. ದೊಡ್ಡಮ್ಮನ ಮಣಿಕಟ್ಟು ನೋಯುತ್ತಿರುವುದರಿಂದ ಈ ವಾರ ಸಂಜೆಯ ಕೆಲಸ ನನ್ನದು. ಈಗ ಶಾಯಿಯ ಕೈ ತೊಳೆದುಕೊಂಡು, ಜಾಡಿಯಿಂದ ಹಳೇದನ್ನು ತೆಗೆದು, ನೀರಿನಲ್ಲಿ ಕದಡಿ, ನಾಳೆಯ ಹಿಟ್ಟು ಕಲಸುತ್ತೇನೆ.